ಕೈಗೆ ಕೊಡಬಾರದ ಗೊಂಚಲು

"ಒಳಕ್ಕೆ ಬಾಪ್ಪ, ಬೇಡ ಅನ್ನಲ್ಲ. ಆದ್ರೆ ಈ ಮನೆ ಬೀಗದ ಕೈ ಗೊಂಚಲು ಮಾತ್ರ ಯಾವತ್ತೂ ಇವಳ ಕೈಯಿಂದ ನಿನ್ನ ಕೈಗೆ ಇಸ್ಕೋಬೇಡ. ಹೊಸ್ತಿಲ ಮೇಲೆ ಇಡ್ತಾಳೆ, ನೀನು ಎತ್ಕೋ. ಕೆಲ್ಸ ಆದ್ಮೇಲೆ ಅಲ್ಲೇ ಇಡು, ಅವಳು ಎತ್ಕೊಳ್ತಾಳೆ."

ಮುನಿತಾಯಮ್ಮ ಹೀಗೆ ಹೇಳಿದಾಗ ರಾಜೇಂದ್ರ ಟೆಂಪೊದಿಂದ ತನ್ನ ಪುಸ್ತಕದ ಪೆಟ್ಟಿಗೆ ಇಳಿಸಿ, ಅದನ್ನು ತೊಡೆಗೆ ಆನಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಭಾರ ಹೊತ್ತ ಗಂಡಸನ್ನು ಬಾಗಿಲಲ್ಲೇ ತಡೆದು ಉಪದೇಶ ಮಾಡಿದರೆ ಯಾರಿಗೆ ತಾನೇ ರುಚಿಸುತ್ತದೆ? ಅವನು ನಕ್ಕುಬಿಟ್ಟ.

"ಕೈಗೆ ಕೊಟ್ರೆ ಏನಾಗುತ್ತೆ ಅಜ್ಜಿ? ಶಾಕ್ ಹೊಡೆಯುತ್ತಾ?"

"ಹೊರಗಿನೋರ ಬಾಯಲ್ಲಿ ಅನ್ನ ಮಣ್ಣಾಗುತ್ತೆ."

"ಹಾಗಾದ್ರೆ ಹೋಟೆಲಿಂದ ತರಿಸ್ಕೊಂಡು ತಿಂತೀನಿ ಬಿಡಿ."

ಪಕ್ಕದಲ್ಲಿದ್ದ ಶೋಭಾರಾಣಿ ನಗುವುದೋ ಬೇಡವೋ ತಿಳಿಯದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮುದುಕಿ ನಗಲಿಲ್ಲ. ಪೊರೆ ಬಂದ ಕಣ್ಣುಗಳನ್ನು ಅವನ ದನಿ ಬಂದ ಕಡೆಗೆ ತಿರುಗಿಸಿದಳು. ಆಮೇಲೆ ಗೋಡೆ ಹಿಡಿದುಕೊಂಡು ಹಿತ್ತಲಿನ ತನ್ನ ಕೋಣೆಗೆ ನಡೆದಳು.

ರಾಜೇಂದ್ರ ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವವನು. ಅಳತೆಗೆ ಸಿಗದ್ದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎನ್ನುವ ಪೈಕಿ. ಅಮಾವಾಸ್ಯೆಯ ಮರುದಿನ ಮೂರು ದಾರಿ ಸೇರುವಲ್ಲಿ ಯಾರೋ ನಿವಾಳಿಸಿ ಎಸೆದ ನಿಂಬೆಹಣ್ಣುಗಳನ್ನು ಆಯ್ದು ತಂದು, ಶರಬತ್ತು ಮಾಡಿ ಜೊತೆ ಕೆಲಸದವರಿಗೆ ಕುಡಿಸಿ, ಲೋಟ ಖಾಲಿಯಾದ ಮೇಲೆ ವಿಷಯ ತಿಳಿಸುತ್ತಿದ್ದ ಮಹಾಶಯ. ಹೆಂಡತಿಯಿಂದ ಬೇರೆಯಾದ ಮೇಲೆ ಕೆಂಗೇರಿ ಉಪನಗರದ ಒಂದು ಬಾಡಿಗೆ ಕೋಣೆಯಲ್ಲಿ, ಗೋಡೆಯ ತೇವಕ್ಕೆ ಅಂಗಿಗಳೆಲ್ಲ ಬೂಷ್ಟು ಹಿಡಿಯುವಂಥ ಕೋಣೆಯಲ್ಲಿ, ಒಬ್ಬನೇ ಇದ್ದ. ಇದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಇಷ್ಟು ಸಂಕಟದ್ದಾಗುತ್ತಿರಲಿಲ್ಲ.

ಶೋಭಾರಾಣಿಗೆ ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಪುಟ್ಟ ಅಂಗಡಿಯಿತ್ತು. ತಂಗಿಯ ಸೀರೆ ಕೊಡಲು ಬಂದ ರಾಜೇಂದ್ರ, ಆಮೇಲೆ ಸೀರೆ ಇಲ್ಲದೆಯೂ ಬರತೊಡಗಿದ. ಅವಳು ಬೆರಳಿಗೆ ದಾರ ಸುತ್ತಿ ಗಂಟು ಹಾಕುವುದನ್ನು ನೋಡುತ್ತ ಕೂರುತ್ತಿದ್ದ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ, ನಗುವುದನ್ನೇ ಬಿಟ್ಟಿದ್ದ ಹೆಂಗಸು ನಗತೊಡಗಿದಳು. ನಲವತ್ತು ದಾಟಿದವರ ಪ್ರೀತಿಗೆ ನಾಚಿಕೆಯೂ ಜಾಸ್ತಿ, ಅವಸರವೂ ಜಾಸ್ತಿ. ಒಂದು ಶುಕ್ರವಾರ ದೇವಸ್ಥಾನದಲ್ಲಿ ಹಾರ ಬದಲಾಯಿಸಿಕೊಂಡರು. ಅವನು ತನ್ನ ಸಾಮಾನು ಕಟ್ಟಿಕೊಂಡು ಅನ್ನಪೂರ್ಣೇಶ್ವರಿ ನಗರದ ಅವಳ ಮನೆಗೆ ಬಂದ.

ಆ ಮನೆ ಅವಳ ಅಪ್ಪ ಬೈರಯ್ಯ ಕಟ್ಟಿಸಿದ್ದು. ರಾಗಿ ಹೊಲವಾಗಿದ್ದ ಜಾಗ ಬಡಾವಣೆಯಾದಾಗ, ಕೆಳಗೆ ತಮಗೆ, ಮೇಲೆ ಬಾಡಿಗೆಗೆ ಎಂದು ಎಬ್ಬಿಸಿದ ಮನೆ. ಎಲ್ಲ ಹೊಸ ಸಿಮೆಂಟು, ಹೊಸ ಗ್ರಾನೈಟು. ತಲೆಬಾಗಿಲು ಮತ್ತು ಹೊಸ್ತಿಲು ಮಾತ್ರ ಹಳ್ಳಿಯ ಹಳೇ ಮನೆಯವು. ಹೊನ್ನೆ ಮರದ ಆ ಹೊಸ್ತಿಲನ್ನೂ, ಅದರ ಕೆಳಗೆ ಏನಿತ್ತೋ ಅದನ್ನೂ, ಬೈರಯ್ಯನ ಅಕ್ಕ ಮುನಿತಾಯಮ್ಮ ತಾನೇ ಮುಂದೆ ನಿಂತು ಕೀಳಿಸಿ ಇಲ್ಲಿ ಕೂರಿಸಿದ್ದಳು. ಬೈರಯ್ಯ ಹೋದ ಮೇಲೆ ಮನೆ, ಮೇಲಿನ ಬಾಡಿಗೆ, ಬ್ಯಾಂಕಿನಲ್ಲಿದ್ದದ್ದು ಎಲ್ಲ ಮಗಳದಾಯಿತು. ಬೀರು, ಲಾಕರು, ತಲೆಬಾಗಿಲು, ಎಲ್ಲದರ ಬೀಗದ ಕೈಗಳೂ, ಬೈರಯ್ಯ ಸಾಯುವ ಮುಂಚೆ ತಾನೇ ಅವಳ ಕೈಗೆ ಕೊಟ್ಟ ಒಂದೇ ಗೊಂಚಲಿನಲ್ಲಿ, ಅವಳ ಸೊಂಟದಲ್ಲಿದ್ದವು.

ಬಂದ ಹೊಸದರಲ್ಲಿ ಅವಳು ಸಂಕೋಚದಿಂದಲೇ ಹೇಳಿದ್ದಳು. "ನಿಮ್ಮ ಸಂಬಳ ನಿಮಗೆ, ನನ್ನದು ನನಗೆ ಇರ್ಲಿ ರೀ. ಮನೆ ಖರ್ಚು ಇಬ್ಬರೂ ಹಂಚ್ಕೊಳ್ಳೋಣ. ಬೇಜಾರಿಲ್ಲ ತಾನೇ?"

"ಬೇಜಾರು ಯಾಕೆ? ನನಗೆ ಬೇಕಾಗಿರೋದು ನೀನು. ನಿನ್ನ ಮನೆಯಲ್ಲ" ಎಂದಿದ್ದ ರಾಜೇಂದ್ರ. ಅದನ್ನು ಅವನು ಮನಸಾರೆ ಹೇಳಿದ್ದ.

ಮೊದಮೊದಲು ಹೊಸ್ತಿಲಿನ ಪದ್ಧತಿ ಅವನಿಗೆ ಒಂದು ತಮಾಷೆ. ಬೆಳಿಗ್ಗೆ ಅವಳು ಅಂಗಡಿಗೆ ಹೊರಡುವಾಗ ಗೊಂಚಲನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಅವನು ನಾಟಕದ ರಾಜನಂತೆ ಬಾಗಿ ಎತ್ತಿಕೊಳ್ಳುತ್ತಿದ್ದ. ಇಬ್ಬರೂ ನಗುತ್ತಿದ್ದರು. ಉಪ್ಪು, ಮೆಣಸಿನಕಾಯಿ ಕೈಗೆ ಕೊಟ್ಟರೆ ಜಗಳ ಅನ್ನುವುದಿಲ್ಲವೇ, ಇದೂ ಹಾಗೇ ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಅವನು ಕೆಟ್ಟುಹೋಗಿದ್ದ ಸಂಪಿನ ಮೋಟರು ರಿಪೇರಿ ಮಾಡಿದ. ಅವಳ ಸೀರೆಗಳಿಗೆ ಇಸ್ತ್ರಿ ಹಾಕಿದ. ಭಾನುವಾರ ಇಬ್ಬರೂ ಬಸ್ಸು ಹತ್ತಿ ಉಲ್ಲಾಳದ ಕೆರೆಯ ಕಡೆ ಹೋಗಿ, ಹುರಿದ ಕಡಲೇಕಾಯಿ ತಿನ್ನುತ್ತ ಸುತ್ತಾಡಿ ಬರುತ್ತಿದ್ದರು. ಇಷ್ಟು ಸುಖ ತನಗೆ ದಕ್ಕುತ್ತದೆಯೇ ಎಂದು ಅವಳಿಗೆ ಒಳಗೊಳಗೇ ಭಯವಾಗುತ್ತಿತ್ತು.

ತಮಾಷೆ ಎಷ್ಟು ದಿನ ತಮಾಷೆಯಾಗಿರುತ್ತದೆ? ಮೇಲಿನ ಬಾಡಿಗೆಯ ಹುಡುಗ ಮಧ್ವೇಶ್ ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ನಿಂತು, "ಓನರ್ ಮೇಡಂ ಇಲ್ವಾ ಸಾರ್? ಪರ್ವಾಗಿಲ್ಲ, ಆಮೇಲೆ ಅವರ ಹತ್ರಾನೇ ಮಾತಾಡ್ತೀನಿ" ಎಂದು ಹೇಳಿ ಇವನ ಉತ್ತರಕ್ಕೂ ಕಾಯದೆ ಹೊರಟುಹೋದ. ಅದೇ ಬೆಳಿಗ್ಗೆ ರಾಜೇಂದ್ರನಿಗೆ ಸೊಂಟ ಹಿಡಿದುಕೊಂಡಿತ್ತು. ಹೊಸ್ತಿಲ ಮೇಲಿನ ಗೊಂಚಲಿಗೆ ಬಗ್ಗಿದವನು ನೋವಿಗೆ ಬಾಗಿಲು ಹಿಡಿದು ನಿಂತುಬಿಟ್ಟ.

"ನಾಯಿಗೆ ಅನ್ನ ಇಟ್ಟಂಗೆ ಕೆಳಗಿಡ್ತೀಯಲ್ಲ ಶೋಭಾ. ನಾನೇನು ಕಳ್ಳನಾ?"

"ಅಯ್ಯೋ, ಹಾಗನ್ಬೇಡಿ ರೀ. ಮನೆ ಪದ್ಧತಿ ಅದು."

"ಪದ್ಧತಿ ನನ್ನ ನಂಬಲ್ಲ, ಸರಿ. ನೀನು ನಂಬ್ತೀಯೋ ಇಲ್ವೋ, ಅಷ್ಟು ಹೇಳು."

ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಬಾರದು. ಪ್ರೀತಿ ಇರುವವರ ಹತ್ತಿರ ಇದಕ್ಕೆ ಒಂದೇ ಉತ್ತರ. ಶೋಭಾರಾಣಿ ಹಿತ್ತಲ ಕಡೆ ಒಮ್ಮೆ ನೋಡಿದಳು. ಗೊಂಚಲನ್ನು ಹೊಸ್ತಿಲಿಂದ ಎತ್ತಿ, ಅವನ ಅಂಗೈ ಬಿಡಿಸಿ, ಅದರಲ್ಲಿಟ್ಟು, ಅವನ ಬೆರಳುಗಳನ್ನು ತನ್ನ ಎರಡೂ ಕೈಗಳಿಂದ ಮುಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು.

"ತಗೊಳ್ಳಿ. ನನ್ನದೆಲ್ಲ ನಿಮ್ಮದೇ."

ಕಬ್ಬಿಣ ಹಿಮದಷ್ಟು ತಣ್ಣಗಿತ್ತು. ಕಾಲಡಿಯಲ್ಲಿ ಎಲ್ಲೋ ಆಳದಲ್ಲಿ ಧಡ್ ಎಂದು ಒಂದು ಸದ್ದಾಯಿತು. ಹಸಿ ಮಣ್ಣು ಅಗೆದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

"ಮಳೆ ಬರೋ ಹಾಗಿದೆ" ಎಂದ ರಾಜೇಂದ್ರ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. "ನೋಡಿದ್ಯಾ? ಏನಾಯ್ತು? ಏನೂ ಆಗ್ಲಿಲ್ಲ."

ಅವನ ಸೊಂಟದ ನೋವು ಆ ಕ್ಷಣಕ್ಕೇ ಮಾಯವಾಗಿತ್ತು. ಅದನ್ನು ಅವನು ಗಮನಿಸಲಿಲ್ಲ.

ಮಾರನೆಯ ದಿನದಿಂದ ಶೋಭಾರಾಣಿಗೆ ಊಟ ಸೇರದಾಯಿತು. ಸಾರು ಬಾಯಿಗಿಟ್ಟರೆ ಕೆಸರಿನ ರುಚಿ. ಅನ್ನ ಹಲ್ಲಿಗೆ ಕರಕರ ಎನ್ನುತ್ತಿತ್ತು. ಅಕ್ಕಿಯಲ್ಲಿ ಕಲ್ಲಿರಬೇಕೆಂದು ಮತ್ತೆ ಮತ್ತೆ ಆರಿಸಿದಳು, ತೊಳೆದಳು. ಅದೇ ಅನ್ನವನ್ನು ಅವನು ಚಪ್ಪರಿಸಿಕೊಂಡು ಉಣ್ಣುತ್ತಿದ್ದ. ಅವಳು ಕಾಯಿಸಿದ ಹಾಲು ಒಡೆಯುತ್ತಿತ್ತು. ಅವಳಿಟ್ಟ ರಂಗೋಲಿ ಕಣ್ಣೆದುರಿಗೇ ನೆಲದೊಳಕ್ಕೆ ಇಂಗಿಹೋಗುತ್ತಿತ್ತು. ಉಗುರು ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕಪ್ಪು ಮಣ್ಣು. ಅಂಗಡಿಯಲ್ಲಿದ್ದಷ್ಟು ಹೊತ್ತು ಉಸಿರು ಸರಾಗ, ಮನೆಯೊಳಗೆ ಕಾಲಿಟ್ಟರೆ ಎದೆಯ ಮೇಲೆ ಮೂಟೆ ಹೇರಿದಂತೆ. ಹುಟ್ಟಿ ಬೆಳೆದ ಮನೆ ಅವಳನ್ನು ಬೇರೆಯವರ ಮನೆಗೆ ಹೇಳದೆ ಕೇಳದೆ ನುಗ್ಗಿದವಳಂತೆ ನೋಡುತ್ತಿತ್ತು. ಅತ್ತೆಗೆ ಹೇಳಲು ಹೆದರಿಕೆ. ಗೊಂಚಲೆಲ್ಲಿ ಎಂದು ಮುನಿತಾಯಮ್ಮ ಕೇಳಿದಾಗಲೆಲ್ಲ ಚೀಲದಲ್ಲಿದೆ ಎಂದು ಸುಳ್ಳು ಹೇಳಿದಳು.

ರಾಜೇಂದ್ರ ಅವಳನ್ನು ಆಸ್ಪತ್ರೆಗಳಿಗೆ ಕರೆದುಕೊಂಡು ಓಡಾಡಿದ. ಕ್ಯಾಮರಾ ಇಳಿಸಿ ಹೊಟ್ಟೆ ನೋಡಿದರು, ರಕ್ತ ನೋಡಿದರು, ಏನೂ ಇಲ್ಲ ಎಂದರು. ರಜೆ ಹಾಕಿ ಅವಳ ತಲೆದೆಸೆಯಲ್ಲಿ ಕೂತ. ಕೈಯಾರೆ ಗಂಜಿ ಕುಡಿಸಿದ. ಅವನ ಕಳಕಳಿಯಲ್ಲಿ ಸುಳ್ಳಿರಲಿಲ್ಲ. ಆದರೆ ಅದೇ ದಿನಗಳಲ್ಲಿ ಅವನಿಗೆ ಎಂದೂ ಬಾರದ ನಿದ್ದೆ ಬರುತ್ತಿತ್ತು, ಮೈ ಕೈ ತುಂಬಿಕೊಂಡಿತ್ತು. ಅವಳಿಗೆ ಹುಷಾರಿಲ್ಲ ಎಂದು ಬಾಡಿಗೆಯನ್ನು ತನ್ನ ಖಾತೆಗೆ ಹಾಕಿಸಿಕೊಂಡ. ಬ್ಯಾಂಕಿನವರು ಅವಳ ಖಾತೆಗೆ ನಾಮಿನಿ ಕೇಳಿದಾಗ ತನ್ನ ಹೆಸರು ಬರೆಸಿದ. ಗೇಟಿನ ಮೇಲೆ ಬೈರಯ್ಯನ ಹೆಸರು ಮಾಸಿಹೋಗಿತ್ತು, ಅಲ್ಲಿ ತನ್ನ ಹೆಸರಿನ ಹೊಸ ಫಲಕ ಹಾಕಿಸಿದ. ಮಧ್ವೇಶ್ ಈಗ ಅವನನ್ನು ಓನರ್ ಎನ್ನುತ್ತಿದ್ದ. ಇವೆಲ್ಲ ಅನುಕೂಲಕ್ಕೆ ಮಾಡಿದ್ದು ಎಂದು ಅವನು ಅಂದುಕೊಂಡಿದ್ದ. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸುಳ್ಳಿಗೆ ಸಾಕ್ಷಿ ಕೇಳುವುದಿಲ್ಲ.

ಆಷಾಢದ ಒಂದು ಸಂಜೆ ಅವನು ಕೆಲಸದಿಂದ ಬರುವಾಗ ಬೀದಿಯಲ್ಲಿ ಕರೆಂಟು ಹೋಗಿತ್ತು. ಗಾಳಿ ಬಿರುಸಾಗಿ ಬೀಸುತ್ತಿತ್ತು. ಬಾಗಿಲು ಹಾಕಿರಲಿಲ್ಲ. ಒಳಗೆ ಕಾಲಿಟ್ಟ. ವಾಸನೆ. ಅಗೆದ ಗುಂಡಿಯ ವಾಸನೆ, ಅದರ ಹಿಂದೆ ಸುಟ್ಟ ಕೂದಲಿನದು.

"ಶೋಭಾ?"

 ಕತ್ತಲಲ್ಲಿ ಒಂದು ಸದ್ದು. ಗುದ್ದಲಿ ನೆಲಕ್ಕೆ ಬೀಳುವ ಸದ್ದು. ಒಂದು ಪೆಟ್ಟು. ಬಿಡುವು. ಮತ್ತೊಂದು ಪೆಟ್ಟು. ಅದು ಹೊರಗಿನಿಂದ ಬರುತ್ತಿರಲಿಲ್ಲ. ಗ್ರಾನೈಟಿನ ಕೆಳಗಿನಿಂದ, ಯಾರೋ ಮೇಲಕ್ಕೆ ಅಗೆಯುತ್ತಿರುವಂತೆ ಬರುತ್ತಿತ್ತು. ಅವನ ಹೆಜ್ಜೆಯನ್ನು ಬಿಟ್ಟು ಅದು ಅಡುಗೆಮನೆಯ ಕಡೆ ಸರಿಯಿತು. ಅವನು ಮೊಬೈಲಿನ ಬೆಳಕು ಹಿಡಿದು ಅದರ ಹಿಂದೆ ಓಡಿದ.

ಶೋಭಾರಾಣಿ ಒಲೆಕಟ್ಟೆಗೆ ಒರಗಿ ಕೂತಿದ್ದಳು. ಕಣ್ಣು ಅಗಲ. ಬಾಯಿ ಅಗಲ. ಬಾಯಿಯ ತುಂಬ ಮಣ್ಣು. ಒದ್ದೆ ಕಪ್ಪು ಮಣ್ಣು ತುಟಿಯಂಚಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮಡಿಲಿಗೆ ಇಳಿಯುತ್ತಿತ್ತು. ಅದರೊಳಗೆ ರಾಗಿ ಪೈರಿನ ಬೇರುಗಳಿದ್ದವು. ಅವನು ಬೆರಳು ಹಾಕಿ ಬಗೆದ. ಬಗೆದಷ್ಟೂ ಬಂತು. ಗಂಟಲಿನಿಂದ, ಇನ್ನೂ ಒಳಗಿನಿಂದ ಬಂತು. ಅವಳ ಕೈ ಅವನ ಅಂಗಿಯನ್ನು ಹಿಡಿದು ಎಳೆಯಿತು. ಉಸಿರಿಲ್ಲ. ಕೆಳಗಿನ ಪೆಟ್ಟು ಅವಳ ಬೆನ್ನ ಹಿಂದೆಯೇ. ಮತ್ತೊಂದು. ಮತ್ತೊಂದು.

ಅವನು ಅವಳನ್ನು ಬಾಚಿ ಎತ್ತಿಕೊಂಡ. ಓಡಿದ. ತೆರೆದಿದ್ದ ತಲೆಬಾಗಿಲು ಎದುರಿಗೇ ಧಡಾರನೆ ಮುಚ್ಚಿತು. ಭುಜ ಕೊಟ್ಟು ಗುದ್ದಿದ, ಅಲುಗಲಿಲ್ಲ. ಅವಳನ್ನು ಒಂದು ತೋಳಿಗೆ ಸರಿಸಿ, ಸೊಂಟದ ಗೊಂಚಲು ಎಳೆದು, ಬೀಗಕ್ಕೆ ಕೈ ಹಾಕಿದ. ತಿರುಗಿಸುವ ಮೊದಲೇ ಬಾಗಿಲು ತಾನಾಗಿ, ಯಜಮಾನನಿಗೆ ದಾರಿ ಬಿಡುವಂತೆ, ತೆರೆದುಕೊಂಡಿತು. ಹೊಸ್ತಿಲು ದಾಟಿದ. ದಾಟಿದ ಗಳಿಗೆಗೆ ಅವಳು ಕೆಮ್ಮಿದಳು. ಮಣ್ಣು ಕಾರಿದಳು. ದೊಡ್ಡದಾಗಿ, ಅಳುವಿನಂತೆ, ಉಸಿರೆಳೆದುಕೊಂಡಳು.

ಸದ್ದು ಕೇಳಿ ಮುನಿತಾಯಮ್ಮ ಗೋಡೆ ತಡಕುತ್ತ ಬಂದಳು. ನೆಲಕ್ಕೆ ಕೂತು ತಮ್ಮನ ಮಗಳ ಗಲ್ಲ ಮುಟ್ಟಿದಳು. ಬೆರಳಿಗೆ ಅಂಟಿದ್ದನ್ನು ಮೂಸಿದಳು. ಆಮೇಲೆ ರಾಜೇಂದ್ರನ ಸೊಂಟಕ್ಕೆ ಕೈ ಹಾಕಿ ಸವರಿ ನೋಡಿದಳು. ಗೊಂಚಲು ಝಲ್ ಎಂದಿತು.

"ಕೈಗೆ ಕೊಟ್ಟಾ, ಕೂಸೇ?"

"ಹೂಂ, ಅತ್ತೆ."

ಮುದುಕಿ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, ಬಾಗಿಲಿಗೆ ಕೇಳಿಸೀತೆಂಬ ಹೆದರಿಕೆಯಲ್ಲಿ, ಹೇಳಿದಳು. ಮುದುಕಿಯ ಗಂಡ ಮನೆ ಅಳಿಯನಾಗಿ ಬಂದವನು. ಅವಳ ಕೈಯಿಂದ ಬೀಗದ ಕೈ ಇಸಿದುಕೊಂಡು, ಅರ್ಧ ಹೊಲ ಮಾರಿ, ಅವಳನ್ನು ಬೀದಿಗೆ ಹಾಕಿದ್ದ. ಊರವರು ನ್ಯಾಯ ಮಾಡಿ ಗೊಂಚಲು ಕಿತ್ತು ಬೈರಯ್ಯನಿಗೆ ಕೊಟ್ಟರು. ಅವತ್ತೇ ಅವಳು ಉಲ್ಲಾಳದ ಮಂತ್ರವಾದಿಯೊಬ್ಬನನ್ನು ಕರೆಸಿ, ತನ್ನ ತಲೆಗೂದಲು, ಹೊಲದ ಮಣ್ಣು, ಇನ್ನೂ ಏನೇನೋ ಹೂಳಿಸಿ ಹೊಸ್ತಿಲಿಗೆ ಕಟ್ಟು ಹಾಕಿಸಿದಳು. ಗಂಡ ಮತ್ತೆ ಬಂದು ನಡುಮನೆಯಲ್ಲಿ ಜಬರದಸ್ತಿಯಿಂದ ಕೂತ. ಮಣ್ಣು ಕಕ್ಕಿ ಸತ್ತ.

"ನನ್ನಂಗೆ ಇನ್ನೊಂದು ಹೆಣ್ಣು ಬೀದಿ ಪಾಲಾಗಬಾರದು ಅಂತ ಮಾಡಿಸ್ದೆ ಕಣಪ್ಪ. ಅದಕ್ಕೆ ಹೆಣ್ಣು ಗಂಡು ಗೊತ್ತಿಲ್ಲ. ಗೊಂಚಲು ಯಾರ ಕೈಗೆ ಕೈಯಾರೆ ಬಂತೋ ಅವರು ಮನೆಯೋರು. ಮಿಕ್ಕೋರು ನನ್ನದು ಅನ್ಕೊಂಡು ಒಳಗಿದ್ರೆ ತಿನ್ನುತ್ತೆ. ಬಾಡಿಗೆಯೋರಿಗೆ ಏನೂ ಆಗಲ್ಲ. ನಾನು ಎಂದೋ ಮನಸ್ಸಿಂದ ಬಿಟ್ಟೆ, ನನಗೂ ಆಗಲ್ಲ. ಇವಳು ಹುಟ್ಟಿದ ಮನೆ. ಇವಳು ಹೆಂಗೆ ಬಿಡ್ತಾಳೆ?"

"ಈಗಲೇ ಕೊಡ್ತೀನಿ. ತಗೋ ಶೋಭಾ" ಎಂದು ರಾಜೇಂದ್ರ ಗೊಂಚಲು ಬಿಚ್ಚಿದ.  ಈಗ ಅವನಿಗೆ ನಂಬಿಕೆ ಬಂದಿತ್ತು.

ಮುದುಕಿ ತಡೆದಳು. "ಇಲ್ಲಿ ಕೊಟ್ರೆ ಆಗಲ್ಲ. ನಾಳೆ ನಡುಮಧ್ಯಾಹ್ನ. ನೀನು ಹೊಸ್ತಿಲ ಒಳಗೆ ನಿಲ್ಲು, ಅವಳು ಹೊರಗೆ. ಈ ಮನೆ ನಿಂದು, ನನಗಿಲ್ಲಿ ಏನೂ ಇಲ್ಲ ಅಂತ ಮನಸಾರೆ ಅಂದು, ಅವಳ ಕೈಗೆ ಬಿಡು. ನಿನಗೇನೂ ಆಗಲ್ಲ. ಆಮೇಲೆ ನೆಂಟನಂಗೆ ಇರು, ಅಷ್ಟೇ. ಆದ್ರೆ ಒಂದೇ ಸಲ ಕಣಪ್ಪ. ಕೈ ಚಾಚಿ ಕೊಡದೇ ಹೋದ್ರೆ ಇನ್ನೊಂದು ಸಲ ಅನ್ನೋದಿಲ್ಲ. ಅವಳು ಈ ಬಾಗಿಲು ದಾಟೋ ಹಾಗೇ ಇಲ್ಲ."

"ಇದಕ್ಕೇನು ಯೋಚನೆ ಅಜ್ಜಿ? ಅವಳಿಗಿಂತ ಮನೆ ಹೆಚ್ಚಾ ನನಗೆ?"

ಶೋಭಾರಾಣಿ ಹೊಸ್ತಿಲು ದಾಟದೆ ಹೊರಗಿನಿಂದಲೇ ಹೋಗಿ, ಮನೆಯಿಂದ ಬೇರೆಯಾಗಿದ್ದ ಹಿತ್ತಲಿನ ಕೋಣೆಯಲ್ಲಿ ಅತ್ತೆಯ ಪಕ್ಕದಲ್ಲಿ ಮಲಗಿದಳು. ಮಲಗುವ ಮುಂಚೆ, ಎಷ್ಟೋ ದಿನಗಳ ಮೇಲೆ, ಒಂದು ತುತ್ತು ರಾಗಿಮುದ್ದೆ ಅವಳ ಗಂಟಲಲ್ಲಿ ಇಳಿಯಿತು. ಅವನ ಕೈ ಹಿಡಿದುಕೊಂಡು, "ನಾಳೆ ಎಲ್ಲ ಸರಿಹೋಗುತ್ತೆ ಅಲ್ವಾ ರೀ?" ಎಂದಳು. ಅವನು ಅವಳ ಹಣೆಗೆ ಮುತ್ತಿಟ್ಟು ಒಳಗೆ ಹೋದ. ಎಚ್ಚರವಾಗಿರಬೇಕೆಂದುಕೊಂಡಿದ್ದವನಿಗೆ ಗಾಢವಾದ ನಿದ್ದೆ ಬಂತು.

ಮರುದಿನ ಮೋಡ ಸರಿದು ಬಿಸಿಲು ನೆತ್ತಿಗೆ ಬಂದಿತ್ತು. ಶೋಭಾರಾಣಿ ತಲೆಗೆ ಸ್ನಾನ ಮಾಡಿ, ಹಾರ ಬದಲಾಯಿಸಿಕೊಂಡ ದಿನದ ಸೀರೆಯುಟ್ಟು ಹೊಸ್ತಿಲ ಹೊರಗೆ ನಿಂತಳು. ಸೊರಗಿದ ಮುಖದಲ್ಲಿ ನಗುವಿತ್ತು. ಎರಡೂ ಅಂಗೈ ಸೇರಿಸಿ, ತೀರ್ಥಕ್ಕೆ ಒಡ್ಡುವಂತೆ ಒಡ್ಡಿದಳು. ಪಕ್ಕದಲ್ಲಿ ಮುನಿತಾಯಮ್ಮ ಗೋಡೆಗೆ ಒರಗಿದ್ದಳು.

ಒಳಗೆ ರಾಜೇಂದ್ರ. ಕಾಲಡಿ ಗ್ರಾನೈಟು ತಂಪಾಗಿತ್ತು. ಅವನು ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ಕೈ ಚಾಚಿದ.

"ಈ ಮನೆ ನಿಂದು" ಎಂದ.

ಹೊಸ್ತಿಲ ಕೆಳಗೆ ಗುದ್ದಲಿಯ ಸದ್ದು ನಿಂತಿತು. ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು ಕೇಳುತ್ತಿತ್ತು. ನನಗಿಲ್ಲಿ ಏನೂ ಇಲ್ಲ. ಅಷ್ಟು ಹೇಳಬೇಕು. ಬೆರಳು ಬಿಚ್ಚಬೇಕು. ಅಷ್ಟೇ.

ಆಗ ಒಂದು ಸಣ್ಣ ಯೋಚನೆ ಬಂತು. ನಾಳೆ ಇವಳು ಮನಸ್ಸು ಬದಲಾಯಿಸಿದರೆ? ಕೆಂಗೇರಿಯ ಕೋಣೆ ನೆನಪಾಯಿತು. ಗೋಡೆಯ ತೇವ. ಬೂಷ್ಟು ಹಿಡಿದ ಅಂಗಿಗಳು. ಮತ್ತೆ ಬಗ್ಗಬೇಕು. ದಿನಾ ಬಗ್ಗಬೇಕು. ಮಧ್ವೇಶ್ ಮತ್ತೆ ಸಾರ್ ಎನ್ನುತ್ತಾನೆ. ಗೇಟಿನ ಫಲಕ. ಈ ತಂಪು ನೆಲ. ಈ ನಿದ್ದೆ.

ಅವನು ಬೆರಳುಗಳಿಗೆ ಬಿಚ್ಚಿ ಎಂದ. ಬಿಚ್ಚಲಿಲ್ಲ. ಮುಷ್ಟಿ ಅವಳ ಅಂಗೈಗಳ ಮೇಲೆ ಗಾಳಿಯಲ್ಲಿ ನಿಂತಿತು. ಕಬ್ಬಿಣ ಅಂಗೈಗೆ ಒತ್ತಿತು.  ಮುಷ್ಟಿ ಇನ್ನೂ ಬಿಗಿಯಾಯಿತು. ಬಿಚ್ಚು. ಬಿಚ್ಚು. ಅವಳು ಮುಷ್ಟಿಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ. ನೋಡುತ್ತಿರಬೇಕಿತ್ತು. ತಪ್ಪಿಸಿದ.

"ಕೊಡಪ್ಪ, ಕೊಡು, ಹೊತ್ತು ಮೀರ್ತಿದೆ" ಎಂದು ಮುದುಕಿ ಅಳತೊಡಗಿದಳು.

ಅವನು ಎಡಗೈಯಿಂದ ಬಲಗೈಯ ಬೆರಳುಗಳನ್ನು ಎಳೆದ. ಉಗುರು ಕಿತ್ತು ರಕ್ತ ಬಂತು. ಹೊಸ್ತಿಲ ಮರ ಟಕ್ಕೆಂದು ಸಿಡಿಯಿತು. ಕೆಳಗೆ ಗುದ್ದಲಿ ಮತ್ತೆ ಶುರುವಾಯಿತು. ಶೋಭಾರಾಣಿಯ ನಗು ಮೆಲ್ಲಗೆ, ಯಾರೋ ದೀಪ ಇಳಿಸುವಂತೆ, ಆರಿಹೋಯಿತು. ಅವಳು ಒಡ್ಡಿದ್ದ ಅಂಗೈಗಳನ್ನು ಕೆಳಗಿಳಿಸಿ ಸೀರೆಗೆ ಒರೆಸಿಕೊಂಡಳು.

"ಬಿಡಿ ರೀ" ಎಂದಳು.

ಅವಳು ಉಟ್ಟ ಸೀರೆಯಲ್ಲೇ ಅತ್ತೆಯ ಕೈ ಹಿಡಿದುಕೊಂಡು ಗೇಟು ದಾಟಿದಳು. ಹಿಂದೆ ತಿರುಗಿ ನೋಡಲಿಲ್ಲ. ಅವನು ಕೂಗಿ ಕರೆಯಬೇಕೆಂದು ಬಾಯಿ ತೆರೆದ. ಯಾವ ಬಾಯಲ್ಲಿ ಕರೆಯುವುದು?

ಶೋಭಾರಾಣಿ ಯಾವ ವಕೀಲರಿಂದಲೂ ನೋಟೀಸು ಕಳಿಸಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಬಾಡಿಗೆಯನ್ನೂ ಕೇಳಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಮನೆ ಅವನನ್ನು ಚೆನ್ನಾಗಿಯೇ ನೋಡಿಕೊಂಡಿತು. ಉಂಡದ್ದು ರುಚಿಯಾಗಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು. ಆದರೆ ಆ ಮುಷ್ಟಿಯ ಯೋಚನೆ ಅವನನ್ನು ಬಿಡಲಿಲ್ಲ. ಕೊನೆಗೆ ಒಂದು ಭಾನುವಾರ ಅವನಿಗೆ ದಾರಿ ಹೊಳೆಯಿತು. ಮಣ್ಣು ಕಕ್ಕಿಸುವ ಶಕ್ತಿಗೆ ಒಂದು ಮುಷ್ಟಿ ಹಿಡಿದು ನಿಲ್ಲಿಸುವುದು ಕಷ್ಟವೇ? ಅದು ಮಾಟವೇ. ತಾನಲ್ಲ. ಅವನು ಗೊಂಚಲು ತೆಗೆದುಕೊಂಡು ಉಲ್ಲಾಳದ ಬಸ್ಸು ಹತ್ತಿದ.

ಅವಳು ಅಲ್ಲಿ ಒಂದೇ ಕೋಣೆಯ ಮನೆ ಹಿಡಿದಿದ್ದಳು. ಬಾಗಿಲಲ್ಲಿ ಕೂತು ಯಾರದೋ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಉಗುರುಗಳು ಸ್ವಚ್ಛವಾಗಿದ್ದವು. ಅವನನ್ನು ಕಂಡು ಎದ್ದು ನಿಂತಳು. ಬೈಯಲಿಲ್ಲ.

"ಅದು ನಾನಲ್ಲ ಶೋಭಾ" ಎಂದ ಅವನು, ಬಾಗಿಲ ಹೊರಗೆ ನಿಂತು. "ಆ ಮಾಟಾನೇ ನನ್ನ ಕೈ ಹಿಡ್ಕೊಂಡಿತ್ತು. ಎಷ್ಟು ಎಳೆದ್ರೂ ಬರ್ಲಿಲ್ಲ, ನೀನೇ ನೋಡಿದ್ಯಲ್ಲ. ನಾನು ಕೊಡ್ಬೇಕು ಅಂತಾನೇ ಇದ್ದೆ."

ಅವಳು ಅವನನ್ನು ನೋಡಿದಳು. ಅದನ್ನು ನಂಬಬೇಕೆಂಬ ಆಸೆ ಅವಳ ಮುಖದಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನು ಅತ್ತ ನೋಡಲಾರದೆ ಹೋದ.

"ಹೊರಗಿಂದ ಯಾರೋ ಹಿಡ್ಕೊಂಡ ಹಾಗೆ ಅನ್ನಿಸ್ತಾ ರೀ? ಬೇರೆಯೋರ ಕೈ ಹಾಗೆ?"

ಹೌದು ಎಂದರೆ ಆಗಿತ್ತು. ಒಂದು ಮಾತು. ರಾಜೇಂದ್ರ ಹೇಳಲು ಹೊರಟ. ಆ ಮಧ್ಯಾಹ್ನ ನೆನಪಾಯಿತು. ಗೋಡೆಯ ತೇವ, ಗೇಟಿನ ಫಲಕ, ತಂಪು ನೆಲ. ಅವನ ಬಾಯಿಂದ ಮಾತು ಬರಲಿಲ್ಲ. ಅವಳು ನಿಧಾನವಾಗಿ ತಲೆಯಾಡಿಸಿ, ಕಣ್ಣು ಒರೆಸಿಕೊಂಡು, ಮತ್ತೆ ಕೂತು ದಾರ ಕೈಗೆತ್ತಿಕೊಂಡಳು.

"ಊಟದ ಹೊತ್ತಾಯ್ತು, ಹೋಗಿ. ದಾರಿಯಲ್ಲಿ ಏನಾದ್ರೂ ತಿನ್ನಿ" ಎಂದಳು.

ಅವನು ಊಟಕ್ಕೆ ಹೋಗಲಿಲ್ಲ. ವಿಚಾರಿಸಿಕೊಂಡು ಗೂಳಪ್ಪನ ಮನೆಗೆ ಹೋದ. ಆ ಹೊಸ್ತಿಲಿಗೆ ಕಟ್ಟು ಹಾಕಿದ ಮಂತ್ರವಾದಿಯ ಮಗ ಗೂಳಪ್ಪ. ಈಗ ಸೈಟು ಮಾರಿಸುವ ದಲ್ಲಾಳಿ, ಅಪ್ಪನ ವಿದ್ಯೆಯನ್ನು ಕೇಳಿ ಬಂದವರಿಗೆ ಮಾತ್ರ ನೋಡಿ ಹೇಳುವವನು. ರಾಜೇಂದ್ರ ಎಲ್ಲ ಹೇಳಿ ಬಲಗೈ ಚಾಚಿದ. ಗೂಳಪ್ಪ ಅಂಗೈ ಒತ್ತಿದ, ಬೆರಳು ಒಂದೊಂದಾಗಿ ಮಡಿಸಿ ಬಿಡಿಸಿದ, ಮುಂಗೈ ಹಿಡಿದು ಕಣ್ಣು ಮುಚ್ಚಿ ಕೂತ. ಕೋಣೆಯಲ್ಲಿ ಕರ್ಪೂರದ ವಾಸನೆಯಿತ್ತು. ಹೊರಗೆ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು.

"ನಮ್ಮಪ್ಪ ಕಟ್ಟು ಹಾಕಿದ್ದು ಹೊಸ್ತಿಲಿಗೆ ಸಾರ್. ಮನುಷ್ಯರ ಕೈಗಲ್ಲ. ಅದು ತಿನ್ನುತ್ತೆ ಅಷ್ಟೇ, ತಡೆಯಲ್ಲ. ಈ ಕೈಯಲ್ಲಿ ಏನೂ ಇಲ್ಲ."

"ಇನ್ನೊಂದ್ಸಲ ನೋಡಿ."

ಗೂಳಪ್ಪ ಮತ್ತೊಮ್ಮೆ ನೋಡಿದ. "ಏನೂ ಇಲ್ಲ ಸಾರ್. ಸಂತೋಷ ಪಡಿ."

ರಾಜೇಂದ್ರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇದೆ ಅನ್ನಿ. ದಮ್ಮಯ್ಯ ಅಂತೀನಿ, ಏನೋ ಒಂದು ಇದೆ ಅನ್ನಿ" ಎಂದು ಕೇಳುತ್ತ ಅವನು ಅಲ್ಲೇ ಚಾಪೆಯ ಮೇಲೆ ಕೂತು ಅಳುತ್ತಿದ್ದ. ಗೂಳಪ್ಪ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟ. ಮುಂದಿನ ಭಾನುವಾರ ರಾಜೇಂದ್ರ ಮಾಗಡಿ ರಸ್ತೆಯ ಇನ್ನೊಬ್ಬ ಮಂತ್ರವಾದಿಯ ಹತ್ತಿರ ಹೋದ. ಅವನೂ ಏನೂ ಇಲ್ಲ ಎಂದ.